ಕಾಲಿಂಚು

ರಾತ್ರಿ ಒಂದೂ ಮುಕ್ಕಾಲು. ಮೊಮ್ಮಗನ ಮೊಬೈಲು
ಜ್ವಾಳದ ಡಬ್ಬಿಗೆ ಆನಿಸಿ ಇಟ್ಟೇನಿ.
ಅಲ್ಲಿ ಇನ್ನೂ ಹೊತ್ತು ಮುಣಗಿಲ್ಲಂತ.
ಎಂಟು ಹುಡುಗ್ಯಾರ ಫೈನಲ್ಲು,
ನಮ್ಮ ಶಾಲ್ಮಲಾ ಆರನೇದಾಕಿ.

ಬೀಮಿನ ಅಗಲ ನಾಲ್ಕಿಂಚು,
ಉದ್ದ ಹದಿನಾರು ಫೂಟು ಚಿಲ್ಲರೆ,
ಎತ್ತರ ನನ್ನ ಎದಿಮಟ.
ನನಗ ಯಾರೂ ಹೇಳೂದು ಬ್ಯಾಡ,
ಅಂಥಾದೊಂದು ನಾನೂ ಮಾಡೀನಿ:
ಕಂಡಮ್ ಆದ ಬೋಗಿಯ ತೇಗು,
ಮ್ಯಾಲ ಕಂಬಳಿ, ಅದರ ಮ್ಯಾಲ ಬರ್ತಿನ ನೀಲಿ ರೆಕ್ಸಿನ್ನು.
ಹುಬ್ಬಳ್ಳಿ ವರ್ಕ್‌ಶಾಪಿನ ಹಿಂದಿನ ಶೆಡ್ಡಿನ್ಯಾಗ
ಹನ್ನೊಂದು ವರ್ಷ ಆತು, ಇನ್ನೂ ನಿಂತದ.

ಒಂದು ಮಾತು ಯಾರ ಮುಂದೂ ಆಡಿಲ್ಲ.
ಎರಡೂ ಬಾಜೂ ಕಂಬಳಿ ಬರತದಂತ ಲೆಕ್ಕಾ ಹಿಡದು
ಹಲಗಿ ಕೊಯ್ದೆ.
ಕೋಚು ಬಂದು, ಮ್ಯಾಲಷ್ಟ ಸಾಕು ಅಂದರು.
ನಾಲ್ಕಕ್ಕ ಕಾಲಿಂಚು ಕಮ್ಮಿ ಬಿತ್ತು.
ಕೊಯ್ದ ತೇಗು ಮತ್ತ ಬೆಳೀತದೇನು?
ರೆಕ್ಸಿನ್ ಎಳದು ಮೊಳಿ ಬಡದೆ. ಸುಮ್ಮನಾದೆ.

ಗ್ಯಾಂಗ್‌ಮನ್ ಹುಲಿಗೆಪ್ಪನ ಮಗಳು, ಏಳು ವರ್ಷದ ಪೋರಿ,
ಹಳಿ ಮ್ಯಾಲ ನಡದು ಬೈಸಿಕೊಂಡಾಕಿ,
ಅದರ ಮ್ಯಾಲಿಂದ ದಿನಾ ಬಿದ್ದಳು.
ಭೊಂಗಾ ಹೊಡಿಯೂ ಮುಂಚೆ ಬಿದ್ದಳು, ಹೊಡದ ಮ್ಯಾಲೂ ಬಿದ್ದಳು.
ನನ್ನಾಕಿ ಅರದು ಹಚ್ಚಿದ ಅರಿಷಿಣ
ಎರಡು ಮದವಿಗೆ ಸಾಲತಿತ್ತು.
ಆಕಿ ಬಿದ್ದಾಗೊಮ್ಮೆ ನನ್ನ ಪಕ್ಕೆಲಬಿನ್ಯಾಗ
ಆ ಕಾಲಿಂಚು ಚುಚ್ಚೂದು.

ದಿಲ್ಲಿಗೆ ಹೋಗಿ ಬಂದು ಅಂದಳು,
“ಕಾಕಾ, ಅಲ್ಲಿಯ ಬೀಮು ಏನು ಅಗಲ!
ಚಕ್ಕಡಿ ಹೊಡೀಬೌದು.”
ಎಲ್ಲಾರೂ ನಕ್ಕರು. ನಾ ಉಳಿ ಮಸಿಯಾಕತ್ತಿದ್ದೆ.

ಈಗ ಹತ್ತಿದಳು.
ಹಿಂದಕ್ಕ ಎರಡು ಪಲ್ಟಿ, ಒಂದರ ಬೆನ್ನಿಗೊಂದು.
ಕುಂತು ಒಂಟಿಗಾಲಾಗ ತಿರುಗಿದಳು ಬುಗುರಿಯಂಗ.
ಎದ್ದು ಜಿಗದಳು, ಗಾಳ್ಯಾಗ ಕಾಲು ಸೀಳಿ
ಇಳಿಯೂವಾಗ
ಎಡಗಾಲು ಅಂಚಿಗೆ ಬಿತ್ತು,
ಹೆಬ್ಬೆರಳು ಹೊರಗ, ಹಿಮ್ಮಡ ಒಳಗ.
ಎರಡೂ ಕೈ
ಹಗ್ಗದ ಮ್ಯಾಲಿನ ಒದ್ದಿ ಅಂಗಿಯಂಗ ಹೊಯ್ದಾಡಿದವು.
ಉಳಕೊಂಡಳು.

ಬಿದ್ದದ್ದು ಆಮ್ಯಾಲ. ಏನೂ ಇಲ್ಲದ ಜಾಗಾದಾಗ,
ಬರೇ ನಡಕೋತ ತುದಿಗೆ ಹೋಗೂವಾಗ.

ಹತ್ತು ಸೆಕೆಂಡು ಕೊಡತಾರ.
ಅಂಗೈಗೆ ಬಿಳಿ ಪುಡಿ ತಿಕ್ಕೊಂಡಳು.
ಬೀಮಿನ ಅಡಿಬದಿ ಒಮ್ಮೆ ಸವರಿದಳು,
ಏನೋ ಹುಡುಕೂವರಂಗ.
ನನ್ನದರಾಗ ಅಲ್ಲೇ ಮೂರನೇ ಮೊಳಿ ಎದ್ದದ,
ಬೆರಳಿಗೆ ಹತ್ತತದ.
ಅಲ್ಲಿ ಎಲ್ಲಿ ಸಿಗಬೇಕು?
ಹತ್ತಿದಳು. ಉಳದದ್ದು ಮುಗಿಸಿದಳು.

ಏಳನೇ ನಂಬರು.
ನನ್ನಾಕಿ ಮಗ್ಗಲಾ ಬದಲಿಸಿ ಕೇಳಿದಳು, “ಬಿದ್ದಳೇನು?”
“ಹೂಂ, ಒಂದ ಸಲ.”
“ಅಷ್ಟ?” ಅಂದು
ಮುಸುಕು ಎಳಕೊಂಡಳು.