ಬೆಳಕು ಚೆನ್ನಾಗಿದೆ

ಗೋಡೆಗೂ ಕಿವಿಯಿದೆ ಅಂತಾರೆ.
ಯುಂಬೆಯ ಈ ಶಿಬಿರದಲ್ಲಿ ಗೋಡೆಯೇ ಇಲ್ಲ,
ಟಾರ್ಪಾಲು. ಬರೀ ಕಿವಿ.

ಆ ರಾತ್ರಿ ಲೊಮೊರೊ ಗುಡಿಸಲಲ್ಲಿ ಕೋಲಿನ ಸದ್ದು.
ಎಣಿಸಿದೆ. ಹನ್ನೊಂದಕ್ಕೆ ಮಗ್ಗುಲು ಬದಲಿಸಿದೆ.
ಪಿತಿಯಾ ಅವನ ಮಗನಲ್ಲ;
ಕಾಜೊ-ಕೇಜಿಯಿಂದ ಓಡಿಬರುವ ದಾರಿಯಲ್ಲಿ
ಸತ್ತ ತಂಗಿಯ ಕೈಯಿಂದ ಬಿಡಿಸಿ ತಂದ ಕೂಸು.

ಬೆಳಿಗ್ಗೆ ಕಿಡೆನ್ ಮೊರ ಎತ್ತಿಕೊಂಡು ಹೋಗಿ
ಅವನ ಅಂಗಳದಲ್ಲೇ ಕೂತಳು,
ರೇಷನ್ ಕಾಳಲ್ಲಿ ಕಲ್ಲು ಹುಡುಕುತ್ತ.
‘ಇಲ್ಲೇನು ಕೆಲಸ?’
‘ಇಲ್ಲಿ ಬೆಳಕು ಚೆನ್ನಾಗಿದೆ.’

ಮಧ್ಯಾಹ್ನಕ್ಕೆ ಜೋಕುಡು, ಅವಳ ಅತ್ತೆ,
ಬೆನ್ನಿಗೆ ಮಗು ಕಟ್ಟಿಕೊಂಡ ಇನ್ನಿಬ್ಬರು.
ಕೊನೆಗೆ ನಾನೂ, ಆ ಹನ್ನೊಂದನ್ನು
ಹೊಟ್ಟೆಯಲ್ಲಿಟ್ಟುಕೊಂಡು.
ಯಾರೂ ಬುದ್ಧಿ ಹೇಳಲಿಲ್ಲ.
ಕತ್ತಲಾಗುವವರೆಗೆ ಮೊರಗಳೇ ಮಾತಾಡಿದವು.

ಪಿತಿಯಾ ಮೊದಲು ನೀರಿನ ಹಳದಿ ಕ್ಯಾನಿನ ಹಿಂದೆ,
ಆಮೇಲೆ ನಮ್ಮ ನಡುವೆ,
ಕಲ್ಲಿನದೊಂದು, ಹುಳುವಿನದೊಂದು ರಾಶಿ ಮಾಡಿಕೊಂಡು.
ನಾಲ್ಕನೇ ದಿನ ಲೊಮೊರೊನೇ ಬಂದು ಕುಕ್ಕರಿಸಿದ,
ಒಂದು ಹಿಡಿ ಕಾಳು ತೆಗೆದುಕೊಂಡ,
ತಂಗಿಯ ಹೆಸರು ಹೇಳಿದ. ಯಾರೂ ಕೇಳಿರಲಿಲ್ಲ.

ಕೋಲು ಇನ್ನೂ ಬಾಗಿಲ ಸಂದಿಯಲ್ಲೇ ಇದೆ.

ಕಾಳು ಎಂದೋ ಹಸನಾಯಿತು.
ತೆಗೆದ ಕಲ್ಲನ್ನೇ ಮತ್ತೆ ಬೆರೆಸಿ
ನಾಳೆಗೂ ಕೂರುತ್ತೇವೆ.