ಗುರುವಾರದ ಚೌಕ

ಜಿಲ್ಲಾ ಕಚೇರಿಯಿಂದ ಬಂದ ಕಾಗದದಲ್ಲಿ
ಆರನೇ ತರಗತಿಗೆ ದಿನಕ್ಕೆ ಎರಡು ಗಂಟೆ ಎಂದಿದೆ.
ಶಾಲೆ ಬಿಟ್ಟ ಮೇಲೆ, ಮನೆಯಲ್ಲಿ, ಕೂತು.
'ಕೂತು' ಎಂಬುದರ ಕೆಳಗೆ ಗೆರೆ ಎಳೆದಿದ್ದಾರೆ.
ಜೊತೆಗೊಂದು ಪಟ್ಟಿ: ವಾರಕ್ಕೆ ಆರು ಚೌಕ,
ಕೊನೆಗೆ ತಾಯಿಯದೋ ತಂದೆಯದೋ ರುಜು.
ಸರಾಸರಿ ತೆಗೆದು ಕಳಿಸಬೇಕಾದವಳು ನಾನು.

ಅತ್-ಬಾಶಿಯಲ್ಲಿ ಚಳಿಗಾಲದ ಬಿಸಿಲನ್ನು
ನಾಲ್ಕೂವರೆಗೇ ಗುಡ್ಡ ಒಳಗೆ ಕರೆದುಕೊಳ್ಳುತ್ತದೆ.
ಸೋಮವಾರ ಬೆಳಿಗ್ಗೆ ಕೈಗವಸು ಕಳಚಿ
ಇಪ್ಪತ್ತಾರು ಪಟ್ಟಿ ಒಲೆಯ ಪಕ್ಕ ಹರಡಿದೆ.
ಎರಡು. ಎರಡು. ಎರಡು. ಎರಡು.
ಎರಡೊಂದ್ಲೆ ಎರಡರಿಂದ ಮುಂದೆ ಹೋಗದ ಮಗ್ಗಿ.
ಬಸ್ಸಿನಲ್ಲೇ, ಒಬ್ಬರ ಪೆನ್ನು ಇನ್ನೊಬ್ಬರು ಇಸಕೊಂಡು
ಆರೂ ದಿನವನ್ನು ಒಂದೇ ಉಸಿರಿಗೆ ತುಂಬಿದ್ದಾರೆ.
ಅಕ್ಷರ ನಡುಗಿದ್ದು ಚಳಿಗಲ್ಲ, ರಸ್ತೆಗೆ.
ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ.

ಇಬ್ಬರು ಮಾತ್ರ ಬೇರೆ.

ಬೇಗಾಯಿಂ: ನಾಲ್ಕು, ನಾಲ್ಕು, ನಾಲ್ಕು, ನಾಲ್ಕು, ನಾಲ್ಕು.
ಶನಿವಾರ ಒಂದು. ಪಕ್ಕದಲ್ಲಿ ಸಣ್ಣಗೆ: ಜ್ವರ, ಕ್ಷಮಿಸಿ.
ಸುಳ್ಳಲ್ಲ, ನನಗೆ ಗೊತ್ತು. ಅವಳಮ್ಮ
ಸಂತೆಯಲ್ಲಿ ದಿನವಿಡೀ ಕಾಲುಚೀಲ ಮಾರಿ ಬಂದು,
ಬಿಶ್ಕೆಕ್‌ನ ದೊಡ್ಡ ಶಾಲೆಯ ಪರೀಕ್ಷೆಗೆಂದು
ಮಗಳ ಪಕ್ಕ ಚಹಾ ಇಟ್ಟುಕೊಂಡು ಕಾವಲು ಕೂರುತ್ತಾಳೆ.
ಇತಿಹಾಸದ ಪಾಠದಲ್ಲಿ ಹುಡುಗಿ ಮೇಜಿಗೆ ತಲೆಯಿಟ್ಟು ನಿದ್ದೆಹೋಗಿ
ಎದ್ದಾಗ ಕೆನ್ನೆಯ ಮೇಲೊಂದು ಇಸವಿ
ತಿರುಗುಮುರುಗಾಗಿ ಅಚ್ಚೊತ್ತಿತ್ತು.
'ಇಷ್ಟು ಸಾಕಾ, ಎಜೆ?' ಎಂದಿದ್ದಳು.
ಸಾಕು ಎನ್ನಲು ಬಾಯಿ ತೆರೆದೆ.
ಅವಳಮ್ಮನ ಬಿರಿದ ಬೆರಳು ನೆನಪಾಗಿ ಉಗುಳು ನುಂಗಿದೆ.

ಇನ್ನು ಬೆಕ್ತೂರ್.
ಸೋಮವಾರ: ನಲವತ್ತು ನಿಮಿಷ. ಆಮೇಲೆ ಕುರಿ ಈಯಿತು.
ಮಂಗಳವಾರ: ಇಲ್ಲ. ಕರೆಂಟೂ ಇಲ್ಲ.
ಬುಧವಾರ: ಇಪ್ಪತ್ತು. ಮರಿ ನನ್ನ ಭಿನ್ನರಾಶಿ ಮೂಸಿತು, ಒಂದನ್ನು ತಿಂದಿತು.
ಶುಕ್ರವಾರ: ಅರ್ಧ ಗಂಟೆ. ಒಳ್ಳೆಯ ಅರ್ಧ ಗಂಟೆ.
ಶನಿವಾರ: ಅಪ್ಪನ ಜೊತೆ ಹುಲ್ಲು ತರಲು ಹೋದೆ.
ಗುರುವಾರಕ್ಕೆ ಚೌಕ ಸಾಲದೆ ಬರಹ ಹಾಳೆಯ ಬೆನ್ನಿಗೆ ಹತ್ತಿದೆ:

'ಪುಸ್ತಕ ತೆರೆಯಲಿಲ್ಲ. ಕುದುರೆಗೆ ನೀರು ಕುಡಿಸಲು
ಹೊಳೆಗೆ ತೂತು ಕೊರೆದೆ. ಮೇಲೆ ಕಲ್ಲಿನಂಥ ಮಂಜುಗಡ್ಡೆ,
ಕೆಳಗೆ ನೀರು ಏನೂ ಆಗದ ಹಾಗೆ ಓಡುತ್ತಿದೆ.
ಮೇಲಿನಿಂದಲೇ ಯಾಕೆ ಹೆಪ್ಪುಗಟ್ಟಬೇಕು, ತಳದಿಂದ ಯಾಕಿಲ್ಲ?
ಕುದುರೆ ಕುಡಿದು ಮುಗಿಸಿದರೂ ನನ್ನದು ಮುಗಿಯಲಿಲ್ಲ.
ಮನೆಯ ದಾರಿಯುದ್ದಕ್ಕೂ ಯೋಚಿಸಿದೆ.
ಇದು ಓದಿನ ಲೆಕ್ಕಕ್ಕೆ ಬರುತ್ತದಾ?
ಬಂದರೆ ಒಂದೂವರೆ ಗಂಟೆ. ಬಾರದಿದ್ದರೆ ಸೊನ್ನೆ.
ನಾನು ಕೂತಿರಲಿಲ್ಲ.'

ಕೆಳಗೆ ಅಪ್ಪನ ರುಜು, ಮತ್ತು ಸಗಣಿಯದೊಂದು ಕಲೆ.

ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರಲ್ಲ,
ಆ ಮುಕ್ಕಾಲಿಗೆ ಕಚೇರಿಯವರು ಚೌಕ ಹಾಕಿಲ್ಲ.

ಕೆಂಪು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂಡಿದೆ.
ಗುರುವಾರವನ್ನು ಬಿಟ್ಟರೆ, ತರಗತಿಯ ಸರಾಸರಿ
ಎರಡಕ್ಕೆ ಒಂದು ಕೂದಲೆಳೆ ಕಮ್ಮಿ.
ಸೇರಿಸಿದರೆ ಸರಿಯಾಗಿ ಎರಡು.
ಬೇಗಾಯಿಂಳ ನಿದ್ದೆಗೇಡು ಬೆಕ್ತೂರನ ಹೊಳೆಯಲ್ಲಿ ಕಲೆತು
ಇಬ್ಬರೂ ಕಾಣದ ಹಾಗೆ ಮಟ್ಟವಾಯಿತು.
ಎರಡು ಎಂದೇ ಕಳಿಸಿದೆ. ಕಚೇರಿಗೆ ಖುಷಿಯಾಗಿರಬೇಕು,
ಇನ್ನೊಂದು ಕಾಗದ ಬರಲಿಲ್ಲ.

ಬೇಗಾಯಿಂಳ ಪಟ್ಟಿಯಲ್ಲಿ ಜ್ವರದ ಪಕ್ಕ
'ಮಲಗು' ಎಂದು ಬರೆದೆ,
ಅವಳಮ್ಮ ಓದುತ್ತಾಳೆಂದು ಗೊತ್ತಿದ್ದೇ ಬರೆದೆ.
ನಾಳೆ ಆಕೆ ಜಗಳಕ್ಕೆ ಬಂದರೆ ಏನು ಹೇಳಲಿ, ಗೊತ್ತಿಲ್ಲ.

ತಿದ್ದುವ ಪುಸ್ತಕದ ಚೀಲ ಶಾಲೆಯಲ್ಲೇ ಬಿಟ್ಟು ಹೊರಟೆ.
ನನ್ನ ಬರಿಗೈ ನೋಡಿ ಮಗ ಕೇಳಿದ:
'ಇವತ್ತು ನಿನಗೆ ಹೋಂವರ್ಕ್ ಇಲ್ವಾ?'
ಟೋಪಿ ಹಾಕಿಸಿ ಹೊಳೆಗೆ ಕರೆದೊಯ್ದೆ.
ಬೆಕ್ತೂರನ ತೂತು ಆಗಲೇ ತೆಳ್ಳಗೆ ಮುಚ್ಚಿಕೊಂಡಿತ್ತು.
ಹಿಮ್ಮಡಿಯಿಂದ ಒದ್ದು ಒಡೆದೆವು.
ಮಗ ಬಗ್ಗಿ ನೋಡಿದ, ಬೆರಳದ್ದಿದ, ಮೇಲೆದ್ದು
ಅದೇ ಪ್ರಶ್ನೆ ಕೇಳಿದ.

ಉತ್ತರ ನನಗೆ ಗೊತ್ತು, ಪ್ರತಿ ವರ್ಷ ಪಾಠ ಮಾಡುತ್ತೇನೆ.
ಕಿವಿ ಕೆಂಪಾಗಿ ಮನೆ ಸೇರುವವರೆಗೂ
ಹೇಳಲಿಲ್ಲ.