ಕೋಣದ ನಡಿಗೆಗಿಂತ ಒಂದು ಹೆಜ್ಜೆ

ಭಾನುವಾರ, ಬೆಳಗಿನ ನಾಲ್ಕೂಮುಕ್ಕಾಲು.
ಹಾಸನದಿಂದ ಗೊರೂರು ರಸ್ತೆ ಹೊರಳುವಲ್ಲಿ
ಬೀದಿದೀಪದ ಕೆಳಗೆ ನಾಲ್ಕು ಜನ,
ನಾಲ್ಕು ಬಣ್ಣದ ಮಂಕಿ ಟೋಪಿ.
ಪುಷ್ಯದ ಚಳಿಗೆ ನಾಯಿಗಳೂ
ಬಾಯಿ ತೆರೆದು ಬೊಗಳುತ್ತಿಲ್ಲ.

ಧರಣೇಂದ್ರ ಬಗ್ಗಿ ಲೇಸು ಕಟ್ಟುತ್ತಾನೆ,
ಬಗ್ಗಿದವನು ಏಳಲು ನನ್ನ ಭುಜ ಬೇಕು.
ಜವಳಿ ಅಂಗಡಿಯಲ್ಲಿ ಮೂವತ್ತು ವರ್ಷ
ಅಳೆದು ಅಳೆದು ಬಟ್ಟೆ ಹರಿದವನು
ಈಗ ರಸ್ತೆ ಅಳೆಯುತ್ತಾನೆ.
ಲಿಲ್ಲಿ ಸಿಸ್ಟರ್, ಆಸ್ಪತ್ರೆ ಬಿಟ್ಟು ಆರು ವರ್ಷ,
ರಾತ್ರಿ ಪಾಳಿ ಮಾತ್ರ ಇನ್ನೂ ಕಣ್ಣಿನಿಂದ ಇಳಿದಿಲ್ಲ.
ಟೈರು ಅಂಗಡಿಯ ಮುನಾವರ್
ನಮ್ಮ ಮೊಣಕಾಲ ಸದ್ದು ಕೇಳಿ
ಅಲೈನ್‌ಮೆಂಟ್ ಹೋಗಿದೆ ಅನ್ನುತ್ತಾನೆ.

ನಾನು ಜವರಪ್ಪ, ಅರವತ್ತೈದು,
ಕೆಇಬಿಯ ಹಳೇ ಲೈನ್‌ಮನ್.
‘ಹೆಸರಲ್ಲೇ ಜವರಾಯನ್ನ ಇಟ್ಕೊಂಡು
ಯಾರಿಗೆ ಹೆದರಿ ಓಡ್ತೀಯೋ?’
ಅವನು ಬರುವುದು ಕೋಣದ ಮೇಲಲ್ಲವೇ,
ಅದರ ನಡಿಗೆಗಿಂತ ಒಂದು ಹೆಜ್ಜೆ ಮುಂದಿದ್ದರೆ ಸಾಕು.
ಇವತ್ತು ಮೂವತ್ತೆರಡು ಕಿಲೋಮೀಟರು,
ಮಾತಾಡುತ್ತ ಓಡುವಷ್ಟೇ ಜೋರು.
ಏದುಸಿರು ಬಂದವರು ಕಥೆ ಹೇಳಬೇಕು,
ಅದು ನಮ್ಮ ಕಾನೂನು.

ಅವರ ಕೈಗಡಿಯಾರ ಕಿಲೋಮೀಟರು ಹೇಳುತ್ತದೆ,
ನಾನು ಕಂಬ ಎಣಿಸುತ್ತೇನೆ.
ಇಪ್ಪತ್ತು ಕಂಬಕ್ಕೊಂದು ಕಿಲೋಮೀಟರು.
ಇದು ನಾನು ನೆಟ್ಟದ್ದು. ಇದು ಲಾರಿ ಗುದ್ದಿ ಬಾಗಿದ್ದು.
ಇದರ ತಂತಿಯಲ್ಲಿ ಗಾಳಿಪಟ ಬಿಡಿಸಿಕೊಟ್ಟ ಹುಡುಗ
ಈಗ ಗ್ರಾಮ ಪಂಚಾಯಿತಿ ಸದಸ್ಯ,
ಕಂಡರೂ ಕಾಣದ ಹಾಗೆ ಹೋಗುತ್ತಾನೆ.

ನೂರ ಎಂಬತ್ತೇಳನೆಯದು ನಂಜುಂಡ ಬಿದ್ದ ಕಂಬ.
ಲೈನು ಆಫ್ ಆಗಿದೆ ಅಂದಿದ್ದರು ಫೋನಿನಲ್ಲಿ.
ಕೆಳಗೆ ಏಣಿ ಹಿಡಿದಿದ್ದವನು ನಾನು.
ಅಲ್ಲಿಗೆ ಬಂದಾಗ ನನ್ನ ಮಾತು ನಿಲ್ಲುತ್ತದೆ.
ಮೂವರಿಗೂ ಗೊತ್ತು. ಅವರೂ ನಿಲ್ಲಿಸುತ್ತಾರೆ.
ಎಂಟು ಪಾದಗಳ ಸದ್ದು, ಬರೀ ಸದ್ದು,
ಮುಂದಿನ ಕಂಬದವರೆಗೆ.
ಆಮೇಲೆ ಮುನಾವರ್ ಕೆಮ್ಮಿ, ಎಂದಿನಂತೆ,
ಬಿರಿಯಾನಿಗೆ ಎಷ್ಟು ನೀರು ಇಡಬೇಕೆಂದು ಶುರು ಮಾಡುತ್ತಾನೆ.

ತಿರುಗಿ ಬರುವಾಗ ಬಿಸಿಲು ಬೆನ್ನು ಸವರುತ್ತಿತ್ತು.
ಇಪ್ಪತ್ತಮೂರನೇ ಕಿಲೋಮೀಟರಿನಲ್ಲಿ
ಟಾರು ರಸ್ತೆಯ ಅರ್ಧಕ್ಕೆ ಹುರುಳಿ ಹರಡಿದೆ,
ಬಸ್ಸು ಕಾರು ಹತ್ತಿ ಒಕ್ಕಲಿ ಅಂತ.
ನಾವು ಅಂಚು ಹಿಡಿದು, ಮರ್ಯಾದೆಯಿಂದ,
ತುದಿಗಾಲಲ್ಲಿ ದಾಟುತ್ತಿದ್ದರೆ
ಮೊರ ಹಿಡಿದ ಅಜ್ಜಿಯೊಬ್ಬಳು ಕೂಗಿದಳು:
‘ಅಂಚಲ್ಲಿ ಯಾಕ್ರಪ್ಪಾ ಓಡ್ತೀರಿ, ಮೇಲೇ ಓಡ್ರಿ!
ಭಾನ್ವಾರ ಗಾಡಿಗಳೂ ಕಮ್ಮಿ.’

ಓಡಿದೆವು.
ಚಟಚಟ, ಚಟಚಟ, ಕಾಯಿ ಸಿಡಿದು
ಧೂಳು ಮೂಗಿಗೇರಿ ಲಿಲ್ಲಿ ಸೀನಿ,
ಆ ತುದಿಯಿಂದ ಈ ತುದಿಗೆ ಏಳು ಸುತ್ತು.
ಅಜ್ಜಿ ಕವೆಗೋಲಲ್ಲಿ ಮಗುಚುತ್ತ
‘ಆ ಕಡೆ ಇನ್ನೂ ಹಸಿ ಐತೆ’ ಎಂದು ಬೈಯುತ್ತ.
ಎಷ್ಟು ವರ್ಷದ ಓಟ, ಯಾರಿಗಾದರೂ
ಉಪಯೋಗಕ್ಕೆ ಬಂದದ್ದು ಇದೇ ಮೊದಲು.
‘ಇವತ್ತಿನ ಓಟದಲ್ಲಿ ಹುರುಳಿದೆ’ ಎಂದ ಧರಣೇಂದ್ರ.
ಆ ಮಾತಿಗೆ ಅವನನ್ನು ಹೊಡೆಯಲು
ನಾವು ಎಂಟನೇ ಸುತ್ತು ಓಡಬೇಕಾಯಿತು.

ಬೇಯಿಸಿದ ಅವರೆಕಾಯಿ ಕೊಟ್ಟಳು, ಸೊಗಡು ಬೆರಳಿಗಂಟಿತು.
‘ಹಿಂಗೆ ಓಡಿದ್ರೆ ಏನು ಕೊಡ್ತಾರೆ?’
ಒಂದು ಪದಕ, ಒಂದು ಬಾಳೆಹಣ್ಣು.
‘ಅಷ್ಟಕ್ಕಾ?’
ಅವಳು ನಕ್ಕ ನಗೆ ಮೂರು ಕಂಬದವರೆಗೆ ಕೇಳುತ್ತಿತ್ತು.

ಇನ್ನೂ ಒಂಬತ್ತು ಕಿಲೋಮೀಟರು.
ಎಡ ಮೊಣಕಾಲು ತನ್ನ ಅರ್ಜಿ ಸಲ್ಲಿಸಿದೆ,
ಶೂವಿನಲ್ಲಿ ಹುರುಳಿಕಾಳು ಒತ್ತುತ್ತಿದೆ, ತೆಗೆಯಲಿಲ್ಲ.
ಲಿಲ್ಲಿ ಏನೋ ಕಥೆ ಹೇಳುತ್ತಿದ್ದಳು,
ನನ್ನ ಎಣಿಕೆ ಎಲ್ಲೋ ತಪ್ಪಿಹೋಗಿತ್ತು.
ಹಿಂತಿರುಗಿ ನೋಡಿದೆ:
ದೂರದಲ್ಲಿ ಒಂದು ಕೋಣ, ನಿಜದ ಕೋಣವೇ,
ಹುರುಳಿಗೆ ಬಾಯಿ ಹಾಕಿ ನಿಂತಿದೆ.
ಅಜ್ಜಿ ಕವೆಗೋಲು ಎತ್ತಿ ಅದನ್ನು
ಆ ಕಡೆಗೆ, ಗೊರೂರಿನ ಕಡೆಗೆ, ಅಟ್ಟುತ್ತಿದ್ದಾಳೆ.